ವಿಮಾನ ಬಿಟ್ಟು ಹುಳದ ಮನೆಗೆ

ಆಗ ನನಗೆ ಐವತ್ತೆರಡು, ಒಂದು ವರ್ಷ ಆಚೆ ಈಚೆ. ಈಗ್ಗೆ ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಚಾಮರಾಜನಗರ ಆಗತಾನೇ ಜಿಲ್ಲೆಯಾಗಿತ್ತು. ಅಲ್ಲಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ನಾವು ರೇಷ್ಮೆ ಹುಳ ಸಾಕುವವರು.

ಆ ವರ್ಷ ಒಂದು ಬೆಳೆ ಚೆನ್ನಾಗಿ ಬಂತು. ಗೂಡು ಕಲ್ಲಿನ ಹಾಗೆ ಗಟ್ಟಿ. ರೇಷ್ಮೆ ಇಲಾಖೆಯ ಮೇಡಂ ಒಬ್ಬರು ಬರುತ್ತಿದ್ದರು. ಅವರು ಗೂಡನ್ನು ಎರಡು ಬೆರಳಲ್ಲಿ ಅದುಮಿ ನೋಡಿ, ಡೆಲ್ಲಿಯಲ್ಲಿ ವಸ್ತುಪ್ರದರ್ಶನ ಇದೆ, ಇಬ್ಬರು ಹೆಂಗಸರನ್ನು ಕರೆದುಕೊಂಡು ಹೋಗಬೇಕು, ಒಬ್ಬರು ನೀವು ಎಂದರು. ಇನ್ನೊಬ್ಬಳು ಗುಂಡ್ಲುಪೇಟೆ ಕಡೆಯವಳು, ಚಿಕ್ಕ ವಯಸ್ಸು, ಬಾಯಿ ಜೋರು. ವಿಮಾನದಲ್ಲಿ ಹೋಗುವುದು, ಖರ್ಚೆಲ್ಲ ಸರ್ಕಾರದ್ದು, ಬರುವಾಗ ಗಂಗೆಯಲ್ಲಿ ಒಂದು ಮುಳುಗು. ಬೇಡ ಅನ್ನಲು ನನಗೇನು ಹುಚ್ಚೇ?

ಆದರೆ ಮನೆಯಲ್ಲಿ ಮುಂದಿನ ಬೆಳೆಯ ಹುಳ ಇದ್ದವು. ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು. ಹುಳ ನಾಲ್ಕು ಸಲ ತಿನ್ನುವುದನ್ನು ಬಿಟ್ಟು ಪೊರೆ ಕಳಚುತ್ತದೆ, ಅದನ್ನೇ ನಾವು ಜ್ವರ ಎನ್ನುವುದು. ನಾಲ್ಕನೆಯದು ಎದ್ದ ಮೇಲೆ ಅದರ ಹೊಟ್ಟೆಗೆ ತಳವೇ ಇಲ್ಲ. ದಿನಕ್ಕೆ ನಾಲ್ಕೈದು ಸಲ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಒಂದು ಹೊತ್ತು ತಪ್ಪಿದರೆ ಗೂಡು ತೆಳ್ಳಗಾಗುತ್ತದೆ, ಒಂದು ದಿನ ತಪ್ಪಿದರೆ ಬೆಳೆ ತಿಪ್ಪೆಗೆ. ಚಳಿಗಾಲ, ಇನ್ನು ಆರು ದಿನ ತಿನ್ನುತ್ತವೆ, ನಾನು ಐದನೇ ದಿನ ಬಂದುಬಿಡುತ್ತೇನೆ, ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವಷ್ಟು ಹೊತ್ತಿಗೆ ಮನೆಯಲ್ಲಿರುತ್ತೇನೆ ಎಂದು ಲೆಕ್ಕ ಹಾಕಿಕೊಂಡೆ.

ಸೊಪ್ಪು ಹಾಕಲು ಸೊಸೆ ಇದ್ದಳು. ಅವಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಮಗ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರು, ವಾರಕ್ಕೊಮ್ಮೆ ಬರುವವನು. ನಮ್ಮ ಯಜಮಾನನಿಗೆ ಹೊಗೆಸೊಪ್ಪಿನ ಚಟ. ಹೊಗೆಸೊಪ್ಪು ಮುಟ್ಟಿದ ಕೈ ತಗುಲಿದರೆ ಹುಳ ಕಕ್ಕಿಕೊಂಡು ಸಾಯುತ್ತದೆ. ಅವನನ್ನು ಹುಳದ ಮನೆಯ ಬಾಗಿಲಿಗೂ ನಾನು ಬಿಡುತ್ತಿರಲಿಲ್ಲ.

ಬೆಳಿಗ್ಗೆ ಹೊರಟು ಸಂಜೆಗೆ ಬೆಂಗಳೂರು ಸೇರಿ ಒಂದು ಹಾಸ್ಟೆಲಿನಲ್ಲಿ ಮಲಗಿದೆವು. ಮಾರನೆಯ ದಿನ ಬೆಳಿಗ್ಗೆ ವಿಮಾನ. ಅದು ಊರೊಳಗಿನ ಹಳೇ ಏರ್‌ಪೋರ್ಟು. ನನ್ನ ಬಟ್ಟೆಯ ಚೀಲಕ್ಕೆ ಚೀಟಿ ಕಟ್ಟಿ ಎಳೆದುಕೊಂಡರು. ಆಮೇಲೆ ಪರದೆಯ ಹಿಂದೆ ಒಬ್ಬ ಪೊಲೀಸಿನವಳು ನನ್ನ ಮೈಯೆಲ್ಲ ತಡವಿದಳು. ಸೊಂಟದ ಸಂಚಿಯಲ್ಲಿ ಅಡಕತ್ತರಿ ಸಿಕ್ಕಿತು. ಅದನ್ನು ಎತ್ತಿ ಹಿಡಿದು ಹಿಂದಿಯಲ್ಲಿ ಏನೋ ಕೇಳಿದಳು. ಅಡಿಕೆ ಕತ್ತರಿಸಲು ಎಂದೆ. ಮೇಜಿನ ಡ್ರಾಯರಿಗೆ ಹಾಕಿ, ಒಂದು ಚೀಟಿಗೆ ಸೀಲು ಹೊಡೆದು ಒಳಗೆ ಕಳಿಸಿದಳು. ಅಡಿಕೆ ಸಂಚಿಯಲ್ಲೇ ಉಳಿಯಿತು, ಕತ್ತರಿಸುವುದು ಮಾತ್ರ ಹೋಯಿತು.

ಒಳಗೆ ಕುರ್ಚಿಗಳ ಸಾಲು. ಡೆಲ್ಲಿಯಲ್ಲಿ ಮಂಜು ಕವಿದಿದೆ, ವಿಮಾನ ಮೂರು ಗಂಟೆ ತಡ ಎಂದು ಮೇಡಂ ಕೇಳಿಕೊಂಡು ಬಂದರು. ಗುಂಡ್ಲುಪೇಟೆಯವಳು ಸುಮ್ಮನೆ ಕೂರುವವಳಲ್ಲ. ಕೈಚೀಲದಿಂದ ಮಾತ್ರೆಯ ಪಟ್ಟಿ ತೆಗೆದು, ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಜ್ವರವಾ ಎಂದು ಕೇಳಿದೆ.

"ಇಲ್ಲ ಕಣಕ್ಕ, ಮುಟ್ಟು ಮುಂದಕ್ಕೋಗೊ ಮಾತ್ರೆ. ಗಂಗೆಲಿ ಮುಳುಗಕ್ಕೆ ಓಯ್ತಾ ಇವ್ನಿ, ಅಲ್ಲೋಗಿ ದೂರ ಕೂತ್ಕೊಂಡ್ರೆ ಏನ್ ಚೆಂದ?" ಎಂದಳು.

ಹುಳದ ದಿನವನ್ನು ಬೆರಳು ಮಡಿಸಿ ಎಣಿಸಿದ್ದೆ, ಸೊಸೆಯ ದಿನವನ್ನು ಎಣಿಸಿರಲಿಲ್ಲ. ನನ್ನದು ನಿಂತು ನಾಲ್ಕು ವರ್ಷವಾಗಿತ್ತು, ಆ ಯೋಚನೆಯೇ ತಲೆಯಿಂದ ಹೋಗಿತ್ತು. ಈ ಬೆಳೆಗೆ ಹುಳದ ಮೊಟ್ಟೆ ತಂದ ದಿನ ಅವಳು ಮುಟ್ಟಾಗಿ ಜಗಲಿಯಲ್ಲಿ ಕೂತಿದ್ದಳು. ಅಲ್ಲಿಂದ ಎಣಿಸಿದೆ. ಇವತ್ತಿಗೆ ಸರಿಯಾಗಿ ತಿಂಗಳಾಗಿತ್ತು. ಇಲ್ಲವೆಂದರೆ ನಾಳೆ.

ನಮ್ಮ ಕಡೆ ಮುಟ್ಟಾದವಳು ಹುಳದ ಮನೆಗೆ ಹೋಗುವ ಹಾಗಿಲ್ಲ, ಸೊಪ್ಪಿನ ತೋಟಕ್ಕೂ ಇಳಿಯುವ ಹಾಗಿಲ್ಲ. ಹೋದರೆ ಹುಳಕ್ಕೆ ಹಾಲು ತೊಂಡೆ ಬರುತ್ತದೆ, ಮೈ ಊದಿ ಒಡೆದು ಬಿಳಿ ನೀರು ಸುರಿಸಿ ಸಾಯುತ್ತವೆ ಎನ್ನುತ್ತಾರೆ. ಅವಳು ಹೋಗದಿದ್ದರೆ ಮೂರು ದಿನದ ಉಪವಾಸಕ್ಕೆ ಸಾಯುತ್ತವೆ. ಹೋದರೆ ರೋಗಕ್ಕೆ ಸಾಯುತ್ತವೆ. ನಾನು ಡೆಲ್ಲಿಯಲ್ಲಿ ಗೂಡು ತೋರಿಸುತ್ತಾ ನಿಂತಿರುತ್ತೇನೆ.

ಮೇಡಂ ಕಿವಿಯಲ್ಲಿ ಹೇಳಿದೆ, ನಾನು ಊರಿಗೆ ಹೋಗಬೇಕು ಎಂದು. ಅವರು ಮೊದಲು ನಕ್ಕರು.

"ಅಮ್ಮ, ಅದಕ್ಕೂ ಹುಳಕ್ಕೂ ಏನೂ ಸಂಬಂಧ ಇಲ್ಲ. ನಾನು ಅದನ್ನೇ ಓದಿ ಬಂದಿರೋಳು. ಅಂಥ ದಿನದಲ್ಲೂ ನಿಮ್ಮ ಹುಳದ ಮನೆಗೆ ಎಷ್ಟು ಸಲ ಬಂದಿದೀನೋ, ನಿಮಗೆ ಗೊತ್ತಾ?"

"ನೀವು ನೋಡಕ್ಕೆ ಬಂದೋರು ಬುಡಿ, ಸೊಪ್ಪಾಕಕ್ಕಲ್ಲ" ಎಂದೆ.

ಆಗ ಅವರಿಗೆ ಸಿಟ್ಟು ಬಂತು. ಡೆಲ್ಲಿಯಲ್ಲಿ ನಿಮ್ಮ ಹೆಸರು ಬರೆಸಿಯಾಗಿದೆ, ಮೇಲಿನವರಿಗೆ ನಾನು ಏನು ಹೇಳಲಿ ಎಂದರು. ಬೇಕಿದ್ದರೆ ಊರಿಗೆ ಫೋನು ಮಾಡಿ ಕೇಳಿ ಎಂದರು. ಊರಿಗೆಲ್ಲ ಇದ್ದದ್ದು ಒಂದು ಫೋನು, ಶೆಟ್ಟರ ಅಂಗಡಿಯಲ್ಲಿ. ನನ್ನ ಸೊಸೆ ಮುಟ್ಟಾಗಿದ್ದಾಳಾ ನೋಡಿಕೊಂಡು ಬಂದು ಹೇಳಿ ಶೆಟ್ಟರೇ ಎಂದು ಕೇಳುವುದೇ? ಅವರ ಅಂಗಡಿಯ ಮುಂದೆ ಸದಾ ನಾಲ್ಕು ಜನ ಗಂಡಸರು ಕೂತಿರುತ್ತಾರೆ. ಅದನ್ನು ಕೇಳಿದ ಮೇಲೆ ಮೇಡಂ ನನ್ನ ಜೊತೆ ಬಾಗಿಲ ಕಡೆಗೆ ಎದ್ದರು.

ಒಳಗೆ ಹೋಗುವುದು ಸುಲಭ, ಬರುವುದು ಕಷ್ಟ ಎಂದು ಆಮೇಲೆ ತಿಳಿಯಿತು. ಬಂದ ಬಾಗಿಲಿಗೇ ಹೋದರೆ ಬಂದೂಕಿನವನು ಕೈ ಅಡ್ಡ ಹಿಡಿದ. ಚೀಲ ಕೊಟ್ಟು, ಸೀಲು ಹೊಡೆಸಿಕೊಂಡು, ವಿಮಾನ ಹತ್ತದೆ ಹೊರಟವಳು ಅವರ ಕಣ್ಣಿಗೆ ಕಳ್ಳಿಗಿಂತ ಕಡೆ. ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ನನ್ನ ಚೀಲ ಹುಡುಕಿ ತಂದು, ಎರಡು ಸೀರೆ, ಕಂಬಳಿ, ಹುಚ್ಚೆಳ್ಳು ಚಟ್ನಿಪುಡಿಯ ಗಂಟು ಎಲ್ಲ ಬಿಚ್ಚಿಸಿದರು. ಚಟ್ನಿಪುಡಿಯನ್ನು ಒಬ್ಬ ಮೂಸಿ ನೋಡಿ ಸೀನಿದ. ಯಾಕೆ ಹೋಗುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ್ದನ್ನು ಮೇಡಂ ಕನ್ನಡದಲ್ಲಿ ಹೇಳಿದರು. ಮನೆಯಲ್ಲಿ ಹುಳ ಇವೆ ಎಂದೆ. ಅದನ್ನು ಅವರು ಹಿಂದಿಗೆ ಹಾಕಿದಾಗ ಕೋಣೆಯಲ್ಲಿದ್ದವರೆಲ್ಲ ನನ್ನ ತಲೆಯನ್ನೇ ನೋಡಿದರು.

ಕೊನೆಗೆ ಮೀಸೆಯವನೊಬ್ಬ ಬಂದ. ಪೊಲೀಸಿನವನು, ನಮ್ಮ ಕಡೆಯ ಕನ್ನಡ. ಅವನು ನಿಂತೇ ಕೇಳಿದ.

"ಎಷ್ಟ್ನೆ ಜ್ವರ ಎದ್ದವೆ?"

"ನಾಲ್ಕ್ನೇದು. ಇವತ್ತಿಗೆ ಮೂರು ದಿನ."

"ಸೊಪ್ಪಾಕೋರಿಲ್ವಾ?"

"ಅವ್ಳೆ. ಆದ್ರೆ ಇಲ್ಲ" ಎಂದೆ. ಗಂಡಸಿಗೆ ಇನ್ನೇನು ಹೇಳಲಿ.

ಅವನು ಬೇರೆ ಏನೂ ಕೇಳಲಿಲ್ಲ. ಮನೆಯಲ್ಲಿ ಹುಳ ಸಾಕಿದ ಹೆಂಗಸರು ಅವನಿಗೂ ಇದ್ದರೆಂದು ಕಾಣುತ್ತದೆ. ಕಾಗದ ತರಿಸಿ ಇಲ್ಲಿ ಹೆಸರು ಬರೆಯಿರಿ ಎಂದ. ನಾನು ಹೆಸರು ಬರೆಯಬಲ್ಲೆ, ನಿಧಾನಕ್ಕೆ ಬರೆದೆ. ಪಟ್ಟಿಯಲ್ಲಿ ನನ್ನ ಹೆಸರಿಗೆ ಗೀಟು ಎಳೆದು, ಅವನೇ ಬಾಗಿಲವರೆಗೆ ಬಂದ. ಡ್ರಾಯರಿನ ಹತ್ತಿರ ನಿಂತು ನನ್ನ ಅಡಕತ್ತರಿ ಎಂದೆ. ತೆಗೆಸಿ ಕೊಟ್ಟ. ಗುಂಡ್ಲುಪೇಟೆಯವಳು ದೂರದ ಕುರ್ಚಿಯಿಂದಲೇ, ನಿನ್ನ ಪಾಲಿನ ಮುಳುಗೂ ನಾನೇ ಹಾಕ್ತೀನಿ ಓಗಕ್ಕ ಎಂದು ಕೂಗಿದಳು. ಹಾಕಿದಳಂತೆ ಕೂಡ.

ಬಸ್ ಸ್ಟ್ಯಾಂಡಿಗೆ ಬಂದು ಮೈಸೂರು ಬಸ್ಸು, ಮೈಸೂರಿಂದ ಚಾಮರಾಜನಗರದ ಬಸ್ಸು, ಅಲ್ಲಿಂದ ನಮ್ಮೂರಿನ ಬಸ್ಸು. ದಾರಿಯುದ್ದಕ್ಕೂ ಒಂದೇ ಯೋಚನೆ. ನನಗೆ ಹತ್ತೊಂಬತ್ತು ವರ್ಷವಿದ್ದಾಗ ನಮ್ಮ ಮನೆಯ ಬೆಳೆ ಪೂರ್ತಿ ಹಾಲು ತೊಂಡೆ ಬಂದು ಹೋಗಿತ್ತು. ಇವಳೇ ಮುಟ್ಟಾಗಿ ಒಳಗೆ ಹೋಗಿರಬೇಕು ಎಂದು ನಮ್ಮತ್ತೆ ಕೇರಿಗೆಲ್ಲ ಕೇಳುವ ಹಾಗೆ ಬೈದಳು. ನಾನು ಹೋಗಿರಲಿಲ್ಲ. ಮೂರು ದಿನವೂ ಜಗಲಿ ಬಿಟ್ಟು ಅಲ್ಲಾಡಿರಲಿಲ್ಲ. ಹುಳ ತಮ್ಮಷ್ಟಕ್ಕೆ ತಾವು ಸತ್ತವು, ಮಾತು ನನ್ನ ಮೇಲೆ ಬಂತು. ಅದು ಗೊತ್ತಿದ್ದೂ ನಾನು ನಮ್ಮತ್ತೆಯ ನಿಯಮವನ್ನೇ ನಡೆಸಿಕೊಂಡು ಬಂದಿದ್ದೆ. ಯಾಕೆ ಎಂದು ಆ ಬಸ್ಸು ಹತ್ತುವವರೆಗೆ ಕೇಳಿಕೊಂಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಯಜಮಾನ ಜಗಲಿಯಲ್ಲಿ ಹೊಗೆಸೊಪ್ಪು ತಿಕ್ಕುತ್ತಿದ್ದ.

"ಡೆಲ್ಲಿ ನೋಡ್ಬುಟ್ಟು ಇಷ್ಟ್ ಬಿರ್ನೆ ಬಂದ್ಬುಟ್ಟಾ?" ಎಂದ.

ನೇರ ಹಿತ್ತಲಿನ ಹುಳದ ಮನೆಗೆ ನಡೆದೆ. ಬಾಗಿಲಲ್ಲೇ ಸದ್ದು ಕೇಳಿಸಿತು. ಹತ್ತು ಜನ ಒಟ್ಟಿಗೆ ಮೊರ ಕೇರುತ್ತಿರುವ ಹಾಗೆ ಹುಳ ತಿನ್ನುತ್ತಿದ್ದವು. ಒಳಗೆ ಸೊಸೆ, ಕಂಕುಳಲ್ಲಿ ಸೊಪ್ಪಿನ ಕುಕ್ಕೆ. ನನ್ನನ್ನು ಕಂಡು ಕುಕ್ಕೆ ಕೆಳಗಿಟ್ಟಳು.

"ಮುಟ್ಟಾಗಿದ್ದಿಯೇನಮ್ಮಿ?" ಎಂದೆ.

"ನೀವು ಬಸ್ ಅತ್ತಿದ್ ಗಳಿಗೆಲೇ ಆದೆ ಅತ್ತೆ" ಎಂದಳು. "ಹಸ್ಕೊಂಡು ತಲೆ ಎತ್ಕೊಂಡಿದ್ವು. ಯಾರ್ನ ಕರೀಲಿ? ಮಾವ್ನ ಕರೀಲಾ?"

ಹುಳದ ತಟ್ಟೆಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಎರಡು ದಿನದಲ್ಲಿ ಹುಳ ನನ್ನ ಕಿರುಬೆರಳಿನ ಗಾತ್ರ ಬಂದಿದ್ದವು. ಹಿಕ್ಕೆ ತೆಗೆದಿದ್ದಳು, ಸುಣ್ಣ ಹೊಡೆದಿದ್ದಳು. ಒಂದಾದರೂ ಊದಿರಲಿಲ್ಲ, ಒಂದಾದರೂ ಸಪ್ಪಗಿರಲಿಲ್ಲ. ನಾನು ಹಾಗೆ ಹುಡುಕುವುದನ್ನು ಕಂಡು ಹೆದರಿಯೋ ಏನೋ, ಉಳಿದದ್ದನ್ನೂ ಹೇಳಿಬಿಟ್ಟಳು.

"ಹೋದ್ ಬೆಳೆಲೂವೆ ಹಿಂಗೇ ಆಗಿತ್ತು ಅತ್ತೆ. ನೀವು ಮದ್ವೆಗೆ ಅಂತ ಹರದನಹಳ್ಳಿಗೋಗಿದ್ರಲ್ಲ, ಆವಾಗ. ಮೂರ್ ದಿನವೂ ನಾನೇ ಹಾಕ್ದೆ."

ಹೋದ ಬೆಳೆ ಎಂದರೆ ಮೇಡಂ ಅದುಮಿ ನೋಡಿದ ಗೂಡು. ನನ್ನನ್ನು ಡೆಲ್ಲಿಗೆ ಕಳಿಸಲು ಹೊರಟಿದ್ದೇ ಆ ಗೂಡು. ನನಗೆ ನಗು ಬಂತು. ಅವಳು ಮಾತ್ರ ನಗಲಿಲ್ಲ, ನಾನು ಬೈಯುವುದನ್ನೇ ಕಾಯುತ್ತಿದ್ದಳು. ಬಾ, ಆ ಕುಕ್ಕೆ ಎತ್ತು, ಕೆಳಗಿನ ಎರಡು ತಟ್ಟೆಗೆ ಇನ್ನೂ ಬಿದ್ದಿಲ್ಲ ಎಂದೆ.

ವಿಮಾನ ಹತ್ತಲಿಲ್ಲವಲ್ಲ ಎಂದು ಊರಿನವರು ವರ್ಷಗಟ್ಟಲೆ ಆಡಿಕೊಂಡರು. ನನಗೇನೂ ಅನ್ನಿಸಲಿಲ್ಲ. ಇವತ್ತಿಗೂ ಹತ್ತಿಲ್ಲ, ಗಂಗೆಯನ್ನೂ ನೋಡಿಲ್ಲ. ಆ ಬೆಳೆಯೂ ಚೆನ್ನಾಗಿಯೇ ಬಂತು.

ನಾನು ವಾಪಸು ಬಂದ ರಾತ್ರಿ ಸೊಸೆ ಜಗಲಿಯಲ್ಲಿ ಚಾಪೆ ಹಾಸಿಕೊಳ್ಳಲು ಹೋದಳು. ಒಳಗೇ ಮಲಗು, ಚಳಿ ಇದೆ ಎಂದೆ. ಮಾರನೆಯ ಬೆಳಿಗ್ಗೆ ಎದ್ದು ಕುಡುಗೋಲು ಎರಡು ಮಸೆದೆ, ಒಂದನ್ನು ಅವಳ ಕೈಗೆ ಕೊಟ್ಟೆ. ನೀರು ಸೇದುತ್ತಿದ್ದ ಹೆಂಗಸರ ಮುಂದೆಯೇ ಇಬ್ಬರೂ ತೋಟಕ್ಕೆ ನಡೆದು, ಬಿಸಿಲೇರುವ ಮೊದಲು ನಾಲ್ಕು ಹೊರೆ ಸೊಪ್ಪು ಕೊಯ್ದೆವು.