ಮೂವತ್ತಲ್ಲ, ತೊಂಬತ್ತು ಸೆಕೆಂಡು

ನಮ್ಮ ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಯಜಮಾನಮ್ಮನವರೆಗೆ ಎಲ್ಲರಿಗೂ ಅವರು ಕೈಪಿಡಿ ಅಕ್ಕ. ನಾವು ಮಾಡುವುದು ಆಸ್ಪತ್ರೆ, ಹೋಟೆಲುಗಳ ಲಾಂಡ್ರಿಗೆ ಬೇಕಾದ ದೊಡ್ಡ ಯಂತ್ರಗಳನ್ನು. ಒಗೆಯುವುದು, ಹಿಂಡುವುದು, ಒಣಗಿಸುವುದು. ಯಂತ್ರವನ್ನು ಹೇಗೆ ಕೂರಿಸಬೇಕು, ಹೇಗೆ ಓಡಿಸಬೇಕು, ಎಲ್ಲಿ ಕೈ ಹಾಕಬಾರದು ಎಂದು ಹೇಳುವ ಪುಸ್ತಕವೊಂದು ಅದರ ಜೊತೆ ಪೆಟ್ಟಿಗೆಯಲ್ಲಿ ಹೋಗುತ್ತದಲ್ಲ, ಅದನ್ನು ಬರೆಯುವುದು ಅಕ್ಕನ ಕೆಲಸ. ನಾನು ರವಾನೆ ವಿಭಾಗದವನು. ಕೈಪಿಡಿ ಇಡದೆ ಪೆಟ್ಟಿಗೆಗೆ ಮೊಳೆ ಹೊಡೆಯುವ ಹಾಗಿಲ್ಲ. ಹೀಗಾಗಿ ಇಪ್ಪತ್ತು ವರ್ಷ ಅವರ ಮೇಜಿನ ಮುಂದೆ ನಿಂತು ಕಾದಿದ್ದೇನೆ, ಬೈಸಿಕೊಂಡಿದ್ದೇನೆ.

ಅಕ್ಕ ಇಲ್ಲಿಗೆ ಬಂದದ್ದು ಟೈಪಿಸ್ಟಾಗಿ. ಬಂದ ಮೊದಲ ವಾರವೇ ಇಂಜಿನಿಯರು ಬರೆದುಕೊಟ್ಟ ಒಂದು ವಾಕ್ಯ ಅರ್ಥವಾಗದೆ ಟೈಪ್ ಮಾಡುವುದಿಲ್ಲ ಎಂದು ಕೈಕಟ್ಟಿ ಕುಳಿತರಂತೆ.

"ನೀನು ಟೈಪಿಸ್ಟು. ಅರ್ಥ ಕಟ್ಟಿಕೊಂಡು ನಿನಗೇನಮ್ಮ?" ಎಂದರಂತೆ ಇಂಜಿನಿಯರು.

"ಇಲ್ಲೇ ಕೂತಿರೋ ನನಗೆ ಅರ್ಥ ಆಗ್ದೇ ಇದ್ರೆ ಎಲ್ಲೋ ಇರೋ ಲಾಂಡ್ರಿಯವರಿಗೆ ಹೇಗೆ ಆಗುತ್ತೆ ಸಾರ್?"

ಇಂಜಿನಿಯರಿಗೆ ರೇಗಿತು. ಹಾಗಾದರೆ ನೀನೇ ಬರೆ ಎಂದು ಕಾಗದ ಎಸೆದರು. ಅಕ್ಕ ಅದನ್ನು ಎತ್ತಿಕೊಂಡು ನೇರ ಕೆಳಗಿನ ಜೋಡಣೆ ಶೆಡ್ಡಿಗೆ ಇಳಿದು, ಯಂತ್ರದ ಒಂದೊಂದು ಬೋಲ್ಟನ್ನೂ ಬಿಚ್ಚಿಸಿ, ಕೇಳಿ ಕೇಳಿ ಬರೆದರು. ಅಲ್ಲಿಂದ ಮುಂದೆ ಆ ಕೆಲಸ ಅವರ ಕೊರಳಿಗೇ ಬಿತ್ತು.

ಅಕ್ಕ ಬರೆಯುವ ಕ್ರಮ ನಮಗೆಲ್ಲ ಗೊತ್ತಿದ್ದದ್ದೇ. ಒಂದು ಯಂತ್ರಕ್ಕೆ ಒಂದು ಉದ್ದನೆಯ ಫೈಲು. ಹೊಸ ಮಾದರಿ ಬಂತೆಂದರೆ ಹಳೆಯ ಫೈಲು ತೆರೆದು, ಅದಕ್ಕೆ ಹೊಸ ಹೆಸರು ಕೊಟ್ಟು, ಅಳತೆಗಳನ್ನು ಬದಲಿಸುವುದು. ಎಚ್ಚರಿಕೆಯ ಮಾತು ಬಂದಲ್ಲಿ ತಾವೇ ಅಕ್ಷರ ದಪ್ಪ ಮಾಡುವುದು. ಹೀಗೆ ನೂರ ಹದಿನೆಂಟು ಪುಸ್ತಕಗಳಾಗಿದ್ದವು.

ಮೂರು ವರ್ಷದ ಹಿಂದೆ ಹೊಸ ಮ್ಯಾನೇಜರು ಬಂದರು. ಮಾತು ಚುರುಕು, ನಡೆ ಇನ್ನೂ ಚುರುಕು. ಬಂದ ತಿಂಗಳೊಳಗೆ ಸಭೆ ಕರೆದು ಹೇಳಿದರು: "ಇನ್ಮೇಲೆ ಉದ್ದುದ್ದ ಫೈಲು ಬೇಡ. ಒಂದೊಂದು ಕೆಲಸಕ್ಕೂ ಒಂದೊಂದು ಬಿಡಿ ತುಣುಕು. ಪ್ರತಿ ತುಣುಕಿಗೂ ಒಂದೇ ಚೌಕಟ್ಟು. ಮೊದಲು ಎಚ್ಚರಿಕೆ, ಆಮೇಲೆ ಹಂತಗಳು, ಕೊನೆಗೆ ಫಲಿತಾಂಶ. ಎಚ್ಚರಿಕೆಯನ್ನ ಒಂದೇ ಕಡೆ ಬರೆದಿಡೋದು, ಬೇಕಾದ ಪುಸ್ತಕ ಎಲ್ಲ ಅಲ್ಲಿಂದಲೇ ಎತ್ತಿಕೊಳ್ಳುತ್ತೆ. ಒಂದು ಕಡೆ ತಿದ್ದಿದ್ರೆ ನೂರು ಕಡೆ ತಿದ್ದಿದ ಹಾಗೆ."

ಅಕ್ಕ ಎದ್ದು ನಿಂತರು. "ನನ್ನ ಪುಸ್ತಕ ಏನು ಕೊತ್ತಂಬರಿ ಸೊಪ್ಪಾ ಸಾರ್, ಹೆಚ್ಚಿ ಹೆಚ್ಚಿ ಉದುರಿಸೋಕೆ? ಮೊದಲಿಂದ ಕೊನೆವರೆಗೆ ಓದಿದ್ರೆ ಮನುಷ್ಯನಿಗೆ ಯಂತ್ರ ಅರ್ಥ ಆಗೋ ಹಾಗೆ ಬರ್ದಿದ್ದೀನಿ."

ಎರಡು ತಿಂಗಳು ಜಗ್ಗಲಿಲ್ಲ. ತರಬೇತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಪಾಠ ಮಾಡಲು ಬಂದವರು ಬೆವರುವ ಹಾಗೆ ಪ್ರಶ್ನೆ ಕೇಳಿದರು. ಮ್ಯಾನೇಜರ ಪತ್ರಗಳಿಗೆ ಒಂದೇ ಸಾಲಿನ ಉತ್ತರ: "ಒಪ್ಪಿಗೆ ಇಲ್ಲ."

ಕೊನೆಗೆ ಅವರನ್ನು ಕದಲಿಸಿದ್ದು ಮ್ಯಾನೇಜರಲ್ಲ, ನಮ್ಮ ಮೆಕ್ಯಾನಿಕ್ಕು. ಊರೂರು ಸುತ್ತಿ ಯಂತ್ರ ರಿಪೇರಿ ಮಾಡುವ ಆಸಾಮಿ, ಅಕ್ಕನ ಜೊತೆ ಜಗಳವಾಡದೆ ಊಟ ಸೇರದವನು. ಒಂದು ದಿನ ಕ್ಯಾಂಟೀನಿನಲ್ಲಿ ಅಕ್ಕನ ಮುಂದೆ ಜಿಡ್ಡು ಹಿಡಿದ ಹಾಳೆಯೊಂದನ್ನು ಇಟ್ಟ. ಅಂಚಿನಲ್ಲಿ ಗೋಡೆಗೆ ಹಚ್ಚಿದ್ದ ಅಂಟಿನ ಗುರುತು.

"ನಿಮ್ಮ ಪುಸ್ತಕ ಯಾರೂ ಓದಲ್ಲ ಅಕ್ಕ. ಹರೀತಾರೆ. ಯಂತ್ರ ತೊಳೆಯೋದು ಹೇಗೆ ಅನ್ನೋ ಪುಟ ಕಿತ್ತು ಗೋಡೆಗೆ ಅಂಟಿಸ್ತಾರೆ. ಉಳಿದದ್ದು ಕಪಾಟಿನ ಕಾಲಿಗೆ ಒತ್ತು. ನಾನು ಹೋದ ಲಾಂಡ್ರೀಲೆಲ್ಲ ಇದೇ ಕತೆ."

ಅಕ್ಕ ಹಾಳೆಯನ್ನು ಕೈಗೆತ್ತಿಕೊಂಡರು. ಮೊದಲ ಸಾಲು ಅವರದೇ: "ಹಿಂದಿನ ಅಧ್ಯಾಯದಲ್ಲಿ ಹೇಳಿದ ಎಚ್ಚರಿಕೆಗಳನ್ನು ಪಾಲಿಸಿ."

"ಹಿಂದಿನ ಅಧ್ಯಾಯ ಎಲ್ಲಿ?" ಎಂದು ಕೇಳಿದರು.

"ಹೇಳಿದ್ನಲ್ಲ, ಕಪಾಟಿನ ಕೆಳಗೆ."

ಅಕ್ಕ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಮರುದಿನ ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋಗಿ, "ನನಗೆ ಆ ತುಣುಕು ಮಾಡೋದು ಕಲಿಸಿ. ಪ್ರತಿ ತುಣುಕಿನ ನೆತ್ತಿ ಮೇಲೂ ಎಚ್ಚರಿಕೆ ಇರ್ಬೇಕು" ಎಂದರು. ಮ್ಯಾನೇಜರು ತಾವು ಗೆದ್ದೆವೆಂದುಕೊಂಡರು. ಪಾಪ, ಅವರಿಗೆ ಅಕ್ಕನ ಪರಿಚಯ ಇನ್ನೂ ಸಾಲದು.

ಹೊರಗಿನ ಕಂಪನಿಯೊಂದರ ತಂತ್ರಾಂಶ ನೂರ ಹದಿನೆಂಟು ಫೈಲನ್ನೂ ತಾನಾಗಿಯೇ ತುಣುಕು ಮಾಡಿ, ಆರು ವಾರದಲ್ಲಿ ಕೆಲಸ ಮುಗಿಸಿಕೊಡುತ್ತದೆ ಎಂದು ಮಾತಾಗಿತ್ತು. ಮುಗಿಸಿಯೂ ಕೊಟ್ಟಿತು. ಅಕ್ಕ ಮೊದಲ ತುಣುಕುಗಳನ್ನು ತೆರೆದು ನೋಡಿದರೆ ಅವರು ದಪ್ಪ ಅಕ್ಷರದಲ್ಲಿ ಬರೆದ ಎಚ್ಚರಿಕೆಗಳೆಲ್ಲ ಶೀರ್ಷಿಕೆಗಳಾಗಿ ಕೂತಿವೆ! "ಕೈ ಹಾಕಬೇಡಿ" ಎಂಬುದು ಒಂದು ಅಧ್ಯಾಯದ ಹೆಸರಾಗಿತ್ತು. ಅದಕ್ಕಿಂತ ಅವರನ್ನು ಹೆದರಿಸಿದ್ದು ಇನ್ನೊಂದು ವಿಷಯ. ಒಂದೇ ಎಚ್ಚರಿಕೆ ಬೇರೆ ಬೇರೆ ಪುಸ್ತಕದಲ್ಲಿ ಬೇರೆ ಬೇರೆ ಮಾತಿನಲ್ಲಿದ್ದರೆ, ಹೆಚ್ಚು ಸಲ ಬಂದದ್ದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಆ ತಂತ್ರಾಂಶ ಅಳಿಸಿಬಿಟ್ಟಿತ್ತು.

"ಎಚ್ಚರಿಕೆಗೂ ಓಟು ಹಾಕಿಸ್ತಾರಾ ಇವರು?" ಎಂದು ಅಕ್ಕ ಹಳೆಯ ಪುಸ್ತಕಗಳ ಎಚ್ಚರಿಕೆಗಳನ್ನೆಲ್ಲ ಅಚ್ಚು ಹಾಕಿಸಿ, ಕತ್ತರಿಸಿ, ಊಟದ ಹೊತ್ತು ಕಳೆದ ಮೇಲೆ ಕ್ಯಾಂಟೀನಿನ ಮೇಜುಗಳ ಮೇಲೆ ಹರಡಿದರು. ಗಾಳಿಗೆ ಹಾರದ ಹಾಗೆ ಮೇಲೆ ಉಪ್ಪಿನ ಡಬ್ಬಿ. ನಾನೂ ಮೆಕ್ಯಾನಿಕ್ಕೂ ಜೊತೆಗಿದ್ದೆವು. ಬಟ್ಟೆ ಹಿಂಡುವ ಯಂತ್ರದ ಎಚ್ಚರಿಕೆ ನಲವತ್ತೊಂದು ಕಡೆ ಇತ್ತು, ಹದಿನೇಳು ಬಗೆಯಲ್ಲಿ. ಸ್ವಿಚ್ಚು ಆರಿಸಿದ ಮೇಲೂ ಒಳಗಿನ ಡ್ರಮ್ಮು ತಿರುಗುತ್ತಿರುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆಗೆಯಬಾರದು. ಅದಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಎಲ್ಲ ಕಡೆಯೂ ಇದ್ದದ್ದು ಒಂದೇ ಲೆಕ್ಕ, ಮೂವತ್ತು ಸೆಕೆಂಡು.

ಮೆಕ್ಯಾನಿಕ್ಕು ಒಂದು ಚೀಟಿ ಎತ್ತಿಕೊಂಡು ಹುಬ್ಬು ಗಂಟಿಕ್ಕಿದ. "ಅಕ್ಕ, ಇದು ದೊಡ್ಡ ಮಾದರೀದು. ಇದಕ್ಕೆ ಬ್ರೇಕ್ ಇಲ್ಲ. ಮೂವತ್ತಕ್ಕೆ ನಿಲ್ಲಲ್ಲ ಇದು."

ಮೂವರೂ ಕೆಳಗಿಳಿದೆವು. ಒದ್ದೆ ಚಾದರ ತುಂಬಿಸಿ, ಓಡಿಸಿ, ಆರಿಸಿ, ಗಡಿಯಾರ ಹಿಡಿದು ನಿಂತೆವು. ಎಪ್ಪತ್ತೊಂಬತ್ತು. ಎಂಬತ್ತನಾಲ್ಕು. ಎಂಬತ್ತೊಂದು. ಐದು ಸಲ ನೋಡಿದ ಮೇಲೆ ಅಕ್ಕ ಮೇಲೆ ಹೋಗಿ ಹಳೆಯ ಫೈಲು ತೆರೆದರು. ಹದಿನಾಲ್ಕು ವರ್ಷದ ಹಿಂದೆ, ಸಣ್ಣ ಮಾದರಿಯ ಪುಸ್ತಕಕ್ಕೆ ದೊಡ್ಡ ಮಾದರಿಯ ಹೆಸರು ಕೊಟ್ಟಿದ್ದರು. ಎಲ್ಲ ಅಳತೆಯನ್ನೂ ಬದಲಿಸಿದ್ದರು, ಆ ಒಂದು ಸಂಖ್ಯೆಯನ್ನು ಬಿಟ್ಟು. ಆಗಿನ ಯಂತ್ರಗಳ ಮುಚ್ಚಳಕ್ಕೆ ತಾನಾಗಿ ಬೀಳುವ ಬೀಗವೂ ಇರಲಿಲ್ಲ.

"ನನ್ನದೇ ಕೈ" ಎಂದರು.

ಮೂವತ್ತಲ್ಲ, ತೊಂಬತ್ತಾದರೂ ಕಾಯಬೇಕು ಎಂದು ಮ್ಯಾನೇಜರಿಗೆ ತಾವೇ ಹೋಗಿ ಹೇಳಿದರು. ಅವರು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. "ಒಳ್ಳೇದೇ ಆಯ್ತಲ್ಲ. ಈಗ ಎಚ್ಚರಿಕೆ ಇರೋದು ಒಂದೇ ಕಡೆ. ಸದ್ದಿಲ್ಲದೆ ತೊಂಬತ್ತು ಅಂತ ತಿದ್ದಿಬಿಡಿ. ಯಾರಿಗೂ ಗೊತ್ತಾಗಲ್ಲ."

"ಹೊಸ ಪುಸ್ತಕ ತಿದ್ದಬಹುದು ಸಾರ್. ಗೋಡೆಗೆ ಅಂಟಿಸಿರೋದನ್ನ ಯಾರು ತಿದ್ತಾರೆ? ಯಂತ್ರ ಕೊಂಡ ಪ್ರತಿಯೊಬ್ಬರಿಗೂ ಪತ್ರ ಹೋಗ್ಬೇಕು. ತಪ್ಪು ನಮ್ದು ಅಂತ ಬರ್ದು ಹೋಗ್ಬೇಕು."

"ಹಾಗೆ ಬರೆದ್ರೆ ಕಂಪನಿ ಮರ್ಯಾದೆ ಏನಾಗುತ್ತೆ ಗೊತ್ತಾ ನಿಮಗೆ?"

"ಬರೀದೇ ಇದ್ರೆ ಏನಾಗುತ್ತೆ ಅನ್ನೋದು ಗೊತ್ತು."

ನಮ್ಮಲ್ಲಿ ಒಂದು ನಿಯಮ. ಯಂತ್ರ ಹೊರಗೆ ಹೋಗಬೇಕಾದರೆ ಕಾಗದದ ಮೇಲೆ ಮೂರು ಸಹಿ ಬೀಳಬೇಕು: ಪರೀಕ್ಷಕರದು, ಇಂಜಿನಿಯರದು, ಕೈಪಿಡಿ ಬರೆದವರದು. ಅಕ್ಕ ಅಂದಿನಿಂದ ದೊಡ್ಡ ಹಿಂಡುವ ಯಂತ್ರಗಳಿಗೆ ಸಹಿ ಹಾಕುವುದನ್ನು ನಿಲ್ಲಿಸಿದರು. ಉಳಿದ ಯಂತ್ರಗಳಿಗೆ ಎಂದಿನಂತೆ ಹಾಕುತ್ತಿದ್ದರು. ಒಂಬತ್ತು ದಿನದಲ್ಲಿ ನನ್ನ ರವಾನೆ ಶೆಡ್ಡಿನಲ್ಲಿ ಏಳು ಪೆಟ್ಟಿಗೆ ಸಾಲಾಗಿ ನಿಂತವು. ಲಾರಿಯವನು ಬಂದು ಬಂದು ಬೈದು ಹೋದ. ಹೇಳಲು ನಾಚಿಕೆಯಾಗುತ್ತದೆ, ಆರನೆಯ ದಿನ ನಾನೂ ಅವರ ಬಳಿ ಹೋಗಿ ಗೋಗರೆದೆ.

"ಹೊಸ ಪುಸ್ತಕದಲ್ಲಿ ತೊಂಬತ್ತು ಅಂತ ಇದೆಯಲ್ಲ ಅಕ್ಕ. ಒಂದು ಸಹಿ ತಾನೆ."

"ಹಳೆ ಪುಸ್ತಕಕ್ಕೂ ನಂದೇ ಸಹಿ ಕಣೋ. ಅದನ್ನ ಹೇಗೆ ವಾಪಸ್ ತಗೊಳ್ಳಲಿ, ನೀನೇ ಹೇಳು."

ನಾನು ಶೆಡ್ಡಿಗೆ ವಾಪಸ್ ಬಂದೆ.

ಮನೆಯಲ್ಲಿ ಭಾವ, ಅಂದರೆ ಅಕ್ಕನ ಗಂಡ, ಹೆದರಿದ್ದರು. ಬಸ್ಸು ಓಡಿಸಿ ನಿವೃತ್ತರಾದ ಸಾಧು ಮನುಷ್ಯ. ಹೆದರದೆ ಇದ್ದವರು ಎಂಬತ್ತು ದಾಟಿದ ಅತ್ತೆ. "ಕೆಲಸ ಹೋದ್ರೆ ಹೋಗ್ಲಿ ಬಿಡೇ. ಮನೇಲಿ ಕೂತು ನನ್ನ ಮಾತ್ರೆಗಳಿಗೆ ಒಂದು ಪುಸ್ತಕ ಬರ್ಕೊಡು. ಯಾವುದು ಬೆಳಿಗ್ಗೆ, ಯಾವುದು ಸಂಜೆ ಅಂತ ಆ ಡಾಕ್ಟರ ಅಕ್ಷರ ದೇವರಿಗೂ ತಿಳಿಯಲ್ಲ" ಎಂದರಂತೆ. ಅಕ್ಕ ಇದನ್ನು ಹೇಳಿ ಆ ವಾರದಲ್ಲಿ ಮೊದಲ ಸಲ ನಕ್ಕರು.

ಹತ್ತನೆಯ ದಿನ ಯಜಮಾನಮ್ಮ ಕರೆಸಿದರು. ನಿಂತ ಪೆಟ್ಟಿಗೆಗಳ ಪಟ್ಟಿ ಹಿಡಿದು ನಾನೂ ಹೋಗಬೇಕಾಯಿತು. ಮ್ಯಾನೇಜರು ಕಾಲು ಗಂಟೆ ಮಾತಾಡಿದರು. ಯಜಮಾನಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅಕ್ಕನನ್ನು ನೋಡಿದರು.

"ಇದರಿಂದ ಯಾರಿಗಾದ್ರೂ ಪೆಟ್ಟಾಗಿದೆಯಾ?"

"ನಮಗೆ ಗೊತ್ತಿಲ್ಲ ಅಮ್ಮ. ನಾವು ಕೇಳಿಲ್ಲವಲ್ಲ."

"ಪತ್ರ ಹೋದ್ರೆ ನಿಮ್ಮ ಹೆಸರೂ ಹೋಗುತ್ತೆ."

"ಹೋಗ್ಲಿ ಅಂತಾನೇ ಕೇಳ್ತಿದ್ದೀನಿ. ಬರ್ದವಳು ನಾನು, ಕೆಳಗೆ ನಾನೇ ಸಹಿ ಹಾಕ್ತೀನಿ. ನನ್ನನ್ನ ತೆಗೆದುಹಾಕೋದಾದ್ರೆ ಪತ್ರ ಹೋದ ಮೇಲೆ ತೆಗೆಯಿರಿ. ಮೊದಲೇ ತೆಗೆದ್ರೆ ಮನೆಯಿಂದಲೇ ಬರೀತೀನಿ."

ಯಜಮಾನಮ್ಮ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಬರೆದು ತನ್ನಿ" ಎಂದರು.

ಪತ್ರ ಆರು ಸಾಲಿನದು. ಜೊತೆಗೆ ಗೋಡೆಗೆ ಅಂಟಿಸಲು ಒಂದು ಹೊಸ ಹಾಳೆ. ಮುನ್ನೂರ ಅರವತ್ತು ಲಾಂಡ್ರಿಗಳಿಗೆ ಹೋಯಿತು. ಪೆಟ್ಟಿಗೆಗಳೂ ಹೋದವು. ಅದರ ಬೆನ್ನಿಗೇ ಅಕ್ಕನಿಗೊಂದು ಮೆಮೋ ಬಂತು: ಮೇಲಿನವರ ಮಾತು ಮೀರಿ ಕೆಲಸಕ್ಕೆ ಅಡ್ಡಿ ಮಾಡಿದ್ದಾರೆ ಎಂದು. ಅವರಿಗೆ ಬರಬೇಕಿದ್ದ ವಿಭಾಗದ ಮುಖ್ಯಸ್ಥರ ಹುದ್ದೆ ಹೊರಗಿನವರೊಬ್ಬರ ಪಾಲಾಯಿತು.

ಉತ್ತರಗಳು ಬರತೊಡಗಿದವು. ಹೆಚ್ಚಿನವು "ತಲುಪಿದೆ" ಎಂಬಷ್ಟೇ. ಒಬ್ಬರಂತೂ "ನಿಮ್ಮ ಪುಸ್ತಕ ನಾವು ಯಾವತ್ತೂ ತೆರೆದಿಲ್ಲ, ಚಿಂತೆ ಮಾಡಬೇಡಿ" ಎಂದು ಸಮಾಧಾನ ಹೇಳಿದ್ದರು. ಮೂರನೆಯ ವಾರ, ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಿಂದೆ ಕೆಲಸಕ್ಕಿದ್ದ ಹೆಂಗಸೊಬ್ಬಳು ಪೆನ್ಸಿಲಿನಲ್ಲಿ ಬರೆದ ಕಾಗದ ಬಂತು. ನಿಮ್ಮ ಪತ್ರದ ಸುದ್ದಿ ತಿಳಿಯಿತು, ಕೈಗೆ ಪೆಟ್ಟಾದ ದಿನ ನಾನು ಹೆಂಡ ಕುಡಿದಿರಲಿಲ್ಲ, ಅವಸರವನ್ನೂ ಮಾಡಿರಲಿಲ್ಲ, ನಿಮ್ಮನ್ನು ನೋಡಬೇಕು, ಎಂದು ಅದರಲ್ಲಿತ್ತು.

ಆ ಭಾನುವಾರ ಅಕ್ಕ ನನ್ನನ್ನೂ ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬ್ಯಾಗಿನ ಜಿಪ್ಪನ್ನು ತೆಗೆದು ಹಾಕಿ ಮಾಡುತ್ತಿದ್ದರು. ಎರಡು ಕೋಣೆಯ ಮನೆ. ಬಾಗಿಲು ತೆರೆದ ಹೆಂಗಸಿಗೆ ನಲವತ್ತರ ಆಸುಪಾಸು. ಬಲಗೈ ಮಣಿಕಟ್ಟು ಸೊಟ್ಟಗಿತ್ತು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮುಚ್ಚಳ ತೆಗೆದಾಗ, ಇನ್ನೂ ತಿರುಗುತ್ತಿದ್ದ ಚಾದರದ ಅಂಚು ಕೈಗೆ ಸುತ್ತಿಕೊಂಡು ಎಳೆದಿತ್ತು.

"ಪುಸ್ತಕ ಬರ್ದಿದ್ದು ನೀವೇನಾ?" ಎಂದು ಕೇಳಿದಳು.

"ನಾನೇ" ಎಂದರು ಅಕ್ಕ. "ತಪ್ಪಾಗಿ ಬರ್ದಿದ್ದೆ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಳಗೆ ಹೋಗಿ ಎರಡು ಕುರ್ಚಿ ತಂದಳು, ಒಂದು ಕೈಯಲ್ಲೇ, ಒಂದೊಂದಾಗಿ.

"ಮೂವತ್ತು ಎಣಿಸಿಯೇ ತೆಗೆದೆ ಅಂತ ಬಡ್ಕೊಂಡೆ. ಯಾರೂ ನಂಬ್ಲಿಲ್ಲ. ಮನೆಗೆ ಹೋಗೋ ಅವಸರಕ್ಕೆ ತೆಗೆದಿದ್ದಾಳೆ ಅಂತ ಬರ್ಕೊಂಡ್ರು, ಕುಡಿದಿದ್ಳು ಅಂತಾನೂ ಅಂದ್ರು. ನನ್ನ ಗಂಡನೂ ನಂಬ್ಲಿಲ್ಲ ಅಕ್ಕ. ಎರಡು ವರ್ಷ ಆದ್ಮೇಲೆ ನನಗೇ ಅನುಮಾನ ಬಂತು, ನಾನು ಸರಿಯಾಗಿ ಎಣಿಸಿದ್ನೋ ಇಲ್ವೋ ಅಂತ." ಎಡಗೈ ಚಾಚಿದಳು. "ಆ ಪತ್ರ ನನ್ನ ಹೆಸರಿಗೆ ಒಂದು ಬೇಕು."

ಅಕ್ಕ ಅಲ್ಲೇ, ಅವಳ ಮನೆಯ ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು ಬರೆದರು. ಮೂವತ್ತು ಎಂದು ಬರೆದವಳು ನಾನು, ಈಕೆ ಪುಸ್ತಕದಲ್ಲಿ ಇದ್ದಂತೆಯೇ ನಡೆದುಕೊಂಡಿದ್ದಾಳೆ, ತಪ್ಪು ಈಕೆಯದಲ್ಲ. ಕೆಳಗೆ ಸಹಿ ಹಾಕಿ ಅವಳ ಕೈಗಿತ್ತರು. ಬಸ್ಸಿನಲ್ಲಿ ವಾಪಸಾಗುವಾಗ ಅತ್ತರು. ಸೆರಗೋ ಕರವಸ್ತ್ರವೋ ಹುಡುಕುವ ಗೋಜಿಗೂ ಹೋಗದೆ, ಕಿಟಕಿಯ ಕಡೆ ಮುಖ ಮಾಡಿ. ಆ ಕಾಗದ ಹಿಡಿದು ಆ ಹೆಂಗಸು ಆಸ್ಪತ್ರೆಯವರ ಮೇಲೆ ಹೋದಳು. ಅವಳ ಮೇಲೆ ಬರೆದಿದ್ದ ಮಾತನ್ನು ಅವರು ಹೊಡೆದುಹಾಕಿ, ಅವಳಿಗೆ ಚಾದರ ಎಣಿಸಿ ಕೊಡುವ ಕೆಲಸ ಕೊಟ್ಟರು.

ಆರು ವಾರದ ಕೆಲಸ ಹದಿನಾರು ತಿಂಗಳು ಹಿಡಿಯಿತು. ತಂತ್ರಾಂಶ ಕೊಟ್ಟದ್ದನ್ನೆಲ್ಲ ಬದಿಗಿಟ್ಟು, ಅಕ್ಕ ಒಂದೊಂದು ತುಣುಕನ್ನೂ ಕೆಳಗೆ ಯಂತ್ರದ ಮುಂದೆ ನಿಂತು, ಮಾಡಿ ನೋಡಿ, ಹೊಸದಾಗಿ ಬರೆದರು. ಒಟ್ಟು ಸಾವಿರದ ಒಂಬೈನೂರು ತುಣುಕು. ಗೋಡೆಗೆ ಯಾವ ಹಾಳೆ ಅಂಟಿಸಿದರೂ ಅದರ ಎಚ್ಚರಿಕೆ ಅದರಲ್ಲೇ ಇರುತ್ತದೆ. ಮ್ಯಾನೇಜರು ನಡುವೆ ಬೇರೆ ಕಂಪನಿಗೆ ಹೋದರು.

ಕಳೆದ ತಿಂಗಳು ಯಜಮಾನಮ್ಮ ಅಕ್ಕನನ್ನು ಕರೆಸಿ, ನಿವೃತ್ತಿ ಹತ್ತಿರ ಬಂತು, ನಿಮ್ಮ ಕಡತದಲ್ಲಿ ಆ ಮೆಮೋ ಯಾಕೆ, ತೆಗೆದುಬಿಡೋಣ ಎಂದರು. ಅವತ್ತು ದುಡುಕಿದೆ ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕಂತೆ.

"ಅದು ಸುಳ್ಳಾಗುತ್ತೆ ಅಮ್ಮ. ಮೆಮೋ ಅಲ್ಲೇ ಇರ್ಲಿ" ಎಂದು ಹೇಳಿ ಅಕ್ಕ ಎದ್ದು ಬಂದರು. ಬರುವ ದಾರಿಯಲ್ಲೇ ರವಾನೆ ಶೆಡ್ಡಿಗೆ ನುಗ್ಗಿ, ಒಣಗಿಸುವ ಯಂತ್ರದ ಪೆಟ್ಟಿಗೆಗೆ ಕೈಪಿಡಿ ಇಡದೆ ಮೊಳೆ ಹೊಡೆಯುತ್ತಿದ್ದೆನೆಂದು ನನಗೆ ಚೆನ್ನಾಗಿ ಬೈದರು.