ನಾನು ಓದದೆ ಬಿಟ್ಟ ಹಾಳೆ

ಅಡಿಲೇಡಿನ ಪ್ರಾಸ್ಪೆಕ್ಟ್‌ನಲ್ಲಿರುವ ಮಗಳ ಮನೆಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಫ್ರೆಂಡ್ ಪಕ್ಕದ ಮನೆಯ ಪೋರ್ಚುಗೀಸ್ ಮುದುಕರು. ತಮ್ಮ ದೇಶದಲ್ಲಿ ಪಾರ್ಲಿಮೆಂಟ್ ಮೆಂಬರ್ ಆಗಿದ್ದವರು, ಕೆಲಕಾಲ ಕೃಷಿ ಖಾತೆಯ ಉಪಮಂತ್ರಿಯೂ ಹೌದು. ಇಲ್ಲಿ ಅವರ ರಾಜ್ಯವೆಂದರೆ ಹಿತ್ತಲಿನ ಒಂದು ದ್ರಾಕ್ಷಿ ಚಪ್ಪರ. ಬೇಲಿಯಾಚೆಯಿಂದ ನಮ್ಮ ಕರಿಬೇವಿನ ಗಿಡ ನೋಡಿ, "ಮೇಡಂ, ನೀರು ಜಾಸ್ತಿ ಆಯ್ತು, ಬೇರು ಕೊಳೆಯುತ್ತೆ" ಎಂದು ಗದರಿದ್ದೇ ನಮ್ಮ ಇಂಟ್ರೊಡಕ್ಷನ್.

"ನಿಮಗೆ ಕರಿಬೇವು ಗೊತ್ತಾ?" ಎಂದೆ.

"ಬೇರು ಗೊತ್ತು. ಬೇರಿಗೇನು ಪಾಸ್‌ಪೋರ್ಟ್ ಇದೆಯಾ?"

ಅವರ ಕೈ ನಡುಗುತ್ತಿತ್ತು. ನನ್ನದೋ ಕಾನ್ವೆಂಟ್ ಹ್ಯಾಂಡ್‌ರೈಟಿಂಗ್. ಮಧ್ಯಾಹ್ನದ ಹೊತ್ತು ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ: ಕೃಷಿ ಕಾಲೇಜಿನಲ್ಲಿ ಓದಿದ್ದು, ಗೋಧಿ ಬೆಳೆಯುವ ಸೀಮೆಯಿಂದ ಗೆದ್ದದ್ದು, ಆಲಿವ್ ಬೆಳೆಗಾರರ ಪರ ಸದನದಲ್ಲಿ ಗುಡುಗಿದ್ದು. ತಾವು ಹೋದ ಮೇಲೆ ಚರ್ಚಿನಲ್ಲಿ ಅದನ್ನು ನಾನೇ ಓದಬೇಕೆಂದು ಮಾತು ತೆಗೆದುಕೊಂಡರು.

ಕೊನೆಯ ಹಾಳೆ ಬೇರೆಯೇ. ಒಂದು ಹಳ್ಳಿಯ ದ್ರಾಕ್ಷಿ ಬಳ್ಳಿಗೆಲ್ಲ ರೋಗ ಬಿದ್ದಿದೆ, ಅದು ಒಬ್ಬ ರೈತನ ತೋಟದಿಂದ ಹಬ್ಬಿದೆ ಎಂಬ ವರದಿಗೆ ಇವರು ಹೋಗಿ ನೋಡದೆ ಸಹಿ ಹಾಕಿದ್ದರು. ಸರ್ಕಾರದವರು ಇಡೀ ಹಳ್ಳಿಯ ಬಳ್ಳಿಗಳನ್ನು ಬುಡಸಮೇತ ಕಿತ್ತರು. ರೋಗವೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ತಿಳಿದೂ ಇವರು ಬಾಯಿ ಬಿಡಲಿಲ್ಲ. ಆ ರೈತನ ಮಗಳು ಈಗ ಇದೇ ಊರಲ್ಲಿದ್ದಾಳೆ, ಇದೇ ಚರ್ಚಿಗೆ ಬರುತ್ತಾಳೆ. ಆಸ್ಟ್ರೇಲಿಯಾದ ಬೇರೆ ಬೇರೆ ಊರುಗಳಲ್ಲಿ ನೆಲೆಸಿದ ಆ ಹಳ್ಳಿಯವರು ಇಂದಿಗೂ ಅವಳ ಅಪ್ಪನನ್ನೇ ಆಡಿಕೊಳ್ಳುತ್ತಾರೆ.

"ಎಲ್ಲರ ಎದುರಿಗೇ ಓದಿ, ಮೇಡಂ. ಬದುಕಿದ್ದಾಗ ನನಗೆ ಧೈರ್ಯ ಬರಲಿಲ್ಲ."

ಆ ದಿನ ಬಂತು. ಅವರ ಅಂತ್ಯಕ್ರಿಯೆಗೆಂದು ಆ ಹಳ್ಳಿಯವರೆಲ್ಲ ದೂರದೂರದ ಊರುಗಳಿಂದ ಬಂದು ಚರ್ಚಿನಲ್ಲಿ ಸೇರಿದ್ದರು. ಪರ್ತ್‌ನಿಂದ ಬಂದ ಮುದುಕರ ಮೊಮ್ಮಗಳು ಮುಂದಿನ ಬೆಂಚಿನಲ್ಲಿ ಬಿಕ್ಕುತ್ತಿದ್ದಳು. ಸಾವಿನ ಮನೆಯಲ್ಲಿ ಸತ್ತವರ ತಪ್ಪು ಎತ್ತಬಾರದು ಎಂದು ಕೇಳುತ್ತಲೇ ಬೆಳೆದವಳು ನಾನು. ಕೊನೆಯ ಹಾಳೆಯನ್ನು ಮಡಿಚಿ ಬ್ಯಾಗಿಗೆ ಹಾಕಿದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಎಲೊಕ್ಯೂಷನ್ ದನಿಯಲ್ಲಿ ಉಳಿದದ್ದನ್ನೆಲ್ಲ ಓದಿ, ಶಾಂತಿ ಕೋರಿ ಇಳಿದೆ. "ಬ್ಯೂಟಿಫುಲ್, ಆಂಟಿ" ಎಂದರು ಜನ. ನಾನು ಹಿಗ್ಗಿದೆ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಟೀ ಹೊತ್ತಿನಲ್ಲಿ ಆ ರೈತನ ಮಗಳು ಹತ್ತಿರ ಬಂದಳು. ನನ್ನದೇ ವಯಸ್ಸು. "ನಮ್ಮ ಊರಿನ ಬಗ್ಗೆ ಏನಾದ್ರೂ ಬರೆಸಿದ್ರಾ?"

"ಇಲ್ಲ" ಎಂದುಬಿಟ್ಟೆ.

ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಕೊನೆಗೆ ಮಗಳಿಗೆ ಹೇಳಿದೆ. ಅವಳು ಕಾರು ನಿಲ್ಲಿಸಿಯೇಬಿಟ್ಟಳು. "ಅಮ್ಮಾ, ಪೋಸ್ಟ್‌ಮ್ಯಾನ್ ಲೆಟರ್ ಓದಿ, ಚೆನ್ನಾಗಿಲ್ಲ ಅಂತ ಇಟ್ಕೊಂಡ್ಬಿಡ್ತಾನಾ?"

"ಸಾವಿನ ಮನೇಲಿ ಹೇಗೆ ಹೇಳೋದೇ?"

"ಸತ್ತವ್ರೇ ಹೇಳು ಅಂದಿದ್ರಲ್ಲಮ್ಮ!"

ಮರುದಿನವೇ ಹಾಳೆ ಹಿಡಿದು ಆಕೆಯ ಮನೆಗೆ ಹೋದೆ. ಆಕೆ ಸಿಂಕಿನ ಪಕ್ಕ ನಿಂತೇ ಎರಡು ಸಲ ಓದಿದಳು.

"ಅಪ್ಪನ ತಪ್ಪಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಾಗಬೇಕಾದವರೆಲ್ಲ ಅವತ್ತು ಚರ್ಚಿನಲ್ಲಿ ಕೂತಿದ್ರು."

"ಬರೋ ಭಾನುವಾರ ನಿಂತು ಓದ್ತೀನಿ" ಎಂದೆ.

"ಯಾರಿಗೆ? ಪರ್ತ್‌ನವರು ಪರ್ತ್‌ಗೆ ಹೋದ್ರು, ಬ್ರಿಸ್ಬೇನ್‌ನವರು ಬ್ರಿಸ್ಬೇನ್‌ಗೆ. ಅವರೆಲ್ಲ ಇನ್ನು ಒಟ್ಟಿಗೆ ಸೇರೋದು ನನ್ನನ್ನ ಮಣ್ಣು ಮಾಡೋವಾಗ."

ಕೂತುಕೊಳ್ಳಿ ಎಂದು ಆಕೆ ಹೇಳಲಿಲ್ಲ. ನಾನೂ ಕೂರಲಿಲ್ಲ.