ಬುತ್ತಿಗೆ ಕಿವಿ ಹಚ್ಚುವ ಅಣ್ಣಪ್ಪ ಮಾಮಾ

ಊಟದ ಡಬ್ಬಿಗೆ ಕಿವಿ ಹಚ್ಚಿ ಕೇಳುವವರನ್ನು ನಾನು ಕಂಡದ್ದು ಒಬ್ಬರನ್ನೇ. ಸದಲಗಾ–ಚಿಕ್ಕೋಡಿ ಬಸ್ಸಿನ ಕಂಡಕ್ಟರ್ ಅಣ್ಣಪ್ಪ ಮಾಮಾ. ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದ ನಮಗೆ ಮನೆಯ ಬುತ್ತಿ ಬರುತ್ತಿದ್ದದ್ದು ಆ ಬಸ್ಸಿನಲ್ಲೇ. ಬೇರೆ ಕಂಡಕ್ಟರುಗಳು ಡಬ್ಬಿ ಇಸಕೊಂಡು ಡ್ರೈವರ್ ಪಕ್ಕ ಇಟ್ಟರೆ ಮುಗೀತು. ಇವರದು ಪೊಲೀಸ್ ತನಿಖೆ. ಯಾರು ಕಟ್ಟಿದರು, ಕಟ್ಟಿ ಎಲ್ಲಿಟ್ಟಿದ್ದಿರಿ? ಆಮೇಲೆ ಕಿವಿ ಹಚ್ಚುವುದು, ಮೂಸುವುದು, ಕಡೆಗೆ ಮುಚ್ಚಳ ತೆಗೆಸುವುದು. ಅವರಿಗೆ ಸಮಾಧಾನವಾಗದಿದ್ದರೆ ಡಬ್ಬಿ ಅಲ್ಲೇ, ನಾವು ಇಲ್ಲಿ ಉಪವಾಸ. ಹಸಿದಾಗಲೆಲ್ಲ ಅವರಿಗೆ ಹಿಡಿಶಾಪ ಹಾಕುತ್ತಿದ್ದೆವು.

"ಮುಂಬೈದಾಗ ಬಾಂಬ್ ಹಾರಿದಾಗಿಂದ ಇವನ ತಲಿ ಕೆಟ್ಟೈತಿ," ಎನ್ನುತ್ತಿದ್ದ ಡ್ರೈವರ್.

ಒಮ್ಮೆ ನನ್ನ ಅವ್ವ ಮುಚ್ಚಳ ತೆಗೆಯಲು ಒಪ್ಪಲಿಲ್ಲ. ಒಳಗೆ ಒಣ ರೊಟ್ಟಿ, ಕೆಂಪು ಖಾರ ಬಿಟ್ಟರೆ ಏನೂ ಇರಲಿಲ್ಲ. ಮಂದಿಯೆದುರು ತೋರಿಸಲು ಅವಳಿಗೆ ನಾಚಿಕೆ.

"ಮಗಳ ಬುತ್ಯಾಗ ನಾ ಬಾಂಬ್ ಇಡ್ತೀನೇನೋ ಯಪ್ಪಾ?"

"ನೀವ್ ಇಡೂದಿಲ್ರಿ ಅಕ್ಕಾ. ನೀವ್ ಮಾರಿ ತಿರುವಿದಾಗ ಯಾರರೆ ಇಟ್ರ?"

ಮಾಮಾ ಎಲ್ಲರನ್ನೂ ದೂರ ಸರಿಸಿ, ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿನ ಗೋಡೆಯಾಚೆ ಹೋಗಿ ಒಬ್ಬರೇ ತೆರೆದರಂತೆ. ಬಂದು ಡಬ್ಬಿಯನ್ನು ತಮ್ಮ ಸೀಟಿನ ಮೇಲಿಟ್ಟರಂತೆ. ಇಂವ ಒಬ್ಬನೇ ಯಾಕೆ ತೆರೆದ ಎಂದು ಈಗ ಅವ್ವನಿಗೆ ಸಂಶಯ. ಸಂಜೆ ಫೋನಿನಲ್ಲಿ, "ರೊಟ್ಟಿ ಎಣಿಸೀಯೇನ?" ಎಂದು ಕೇಳಿದಳು.

ನೌಕರಿ ಸಿಕ್ಕ ಮೇಲೆ ಮಾಮಾ ಅವರನ್ನು ನೋಡಲು ಹೋಗಿದ್ದೆ. ಅದೇ ಕಡೆಯ ಭೇಟಿ; ಮುಂದಿನ ಶ್ರಾವಣಕ್ಕೆ ಅವರಿರಲಿಲ್ಲ. ಹಾಸಿಗೆ ಹಿಡಿದಿದ್ದವರು ನನ್ನ ಮಾರಿ ಬಿಟ್ಟು ಕೈಚೀಲವನ್ನೇ ನೋಡುತ್ತಿದ್ದರು. ತೆರೆದು ತೋರಿಸಿದೆ. ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಕೇಳಿಯೇಬಿಟ್ಟೆ.

"ಮಾಮಾ, ಮಂದಿ ಮ್ಯಾಲ ಇಷ್ಟ್ಯಾಕ ಸಂಶೇ?"

"ನನ್ನ ತಮ್ಮ ಮುಂಬೈದಾಗ ಕೆಲಸಕ್ಕಿದ್ದ. ಬಾಂಬ್ ಹಾರಿದ ದಿನ ಸ್ಟೇಶನ್ನಿನಾಗ ಯಾರೋ ಚೀಲ ಬಿಟ್ಟ ಹೋಗಿದ್ರು. ಅಲ್ಲಿ ಮಂದಿ ನೋಡಿ ದೂರ ಸರದ್ರಂತ. ಇಂವ ಎತಗೊಂಡು, 'ಯಾರದ್ರಿ ಇದು, ಮರತೀರಿ' ಅಂತ ಕೂಗಕೋತ ಓಡ್ಯಾನ. ದೂರ ನಿಂತಿದ್ದ ಅವನ ಗೆಳ್ಯಾ ಬಂದ ಹೇಳಿದ."

ಗೋಡೆಯ ಕಡೆ ಹೊರಳಿದರು.

"ಸಣ್ಣಾಂವ ಇದ್ದಾಗ ಬಸ್ಸಿನಾಗ ಸಿಕ್ಕ ಗಂಟ ಮನೀಗೆ ತಂದಿದ್ದ. ಬೆತ್ತ ಮುರಿಯೂವಂಗ ಹೊಡದಿದ್ದೆ. ಮಂದೀದು ಮಂದೀಗೆ ಮುಟ್ಟಿಸಬೇಕಂತ ಕಲಿಸಿದಾಂವ ನಾನ, ಮಗಳ."